ಗಿರಕಿಯ ಮೇಡಂ

ಬಚ್ಚಲುಮನೆಯ ತೂಬಿಗೆ ಟೀ ಸೋಸುವ ಸ್ಟೀಲ್ ಜಾಲರಿಯೊಂದನ್ನು ಬೋರಲಾಗಿ ಇಟ್ಟು, ಸುತ್ತ ಸಿಮೆಂಟ್ ಮೆತ್ತಿ ಕೂರಿಸಲಾಗಿತ್ತು. ಹಿಡಿಕೆಯನ್ನು ಮುರಿದ ಗುರುತು ಇನ್ನೂ ಚೂಪಾಗಿತ್ತು. ಸ್ನಾನದ ನೀರು ಇಳಿಯುವಷ್ಟರಲ್ಲಿ ಪಾದ ಮುಳುಗಿರುತ್ತಿತ್ತು. ಬಾಡಿಗೆಗೆ ಬಂದ ಮೊದಲ ದಿನ ಯಾಕೆ ಹೀಗೆ ಎಂದು ಕೇಳಿದೆ. “ತಲೆ ತೂರಿದ ಕಡೆ ಮೈಯೆಲ್ಲ ತೂರ್ತೈತೆ ಕಣಮ್ಮ, ಅದ್ಕೆ,” ಎಂದರು ಪಕ್ಕದ ಭಾಗದ ಮೇಡಂ. ಯಾರ ತಲೆ ಎಂದು ಕೇಳುವಷ್ಟು ಸಲಿಗೆ ಆಗ ನನಗಿರಲಿಲ್ಲ.

ಅವರು ಹೈಸ್ಕೂಲಿನ ದೈಹಿಕ ಶಿಕ್ಷಕಿ. ಜಗಳೂರಿನ ಅರ್ಧ ಊರಿಗೆ ಅವರು ‘ಪೀಟಿ ಮೇಡಂ’. ಕಳೆದ ತಿಂಗಳು ನಿವೃತ್ತರಾದರು. ಬೀಳ್ಕೊಡುಗೆಗೆಂದು ನಾನು ಈಗಿರುವ ಚನ್ನಗಿರಿಯಿಂದ ಎರಡು ಬಸ್ಸು ಬದಲಿಸಿ ಹೋಗಿದ್ದೆ. ಅವರ ಖೋಖೋ ತಂಡಗಳು ಗೆದ್ದ ಕಪ್ಪುಗಳ ಬಗ್ಗೆ ಭಾಷಣ ಮಾಡಿದವರು ಬೇಕಾದಷ್ಟು ಜನ. ಆ ಕಪ್ಪುಗಳನ್ನೆಲ್ಲ ಅವರು ಗೋಣಿಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದ್ದು ಯಾಕೆ ಎಂಬುದನ್ನು ಯಾರೂ ಹೇಳಲಿಲ್ಲ. ನನಗೆ ವೇದಿಕೆ ಹತ್ತಿ ಮಾತಾಡಿ ಅಭ್ಯಾಸವಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಹೊನ್ನಾಳಿಯವಳು. ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಜಗಳೂರಿನ ಕಾಲೇಜೊಂದರಲ್ಲಿ ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದೆ. ಕೊಟ್ರಮ್ಮನವರ ಹಿಟ್ಟಿನ ಗಿರಣಿಯ ಹಿಂದೆ ಒಂದೇ ಮನೆಯನ್ನು ಮೂರು ಭಾಗ ಮಾಡಿದ್ದರು. ಮುಂದಿನ ಭಾಗದಲ್ಲಿ ಮೇಡಂ, ಪಕ್ಕದ ಒಂಟಿ ಕೋಣೆಯಲ್ಲಿ ನಾನು, ಹಿತ್ತಲ ಕಡೆ ಮನೆಯ ಯಜಮಾನಿ ಕೊಟ್ರಮ್ಮ. ಬಚ್ಚಲು ನನಗೂ ಮೇಡಂಗೂ ಒಂದೇ.

ತೂಬಿನ ಗುಟ್ಟು ಎರಡನೆಯ ಸಂಜೆ ತಿಳಿಯಿತು. ಅವರ ಬಾಗಿಲ ಮುಂದೆ ಚಪ್ಪಲಿ ಬಿಡಲು ಹೋದಾಗ ಒಳಗಿನಿಂದಲೇ ತಡೆದರು. ಹೊರಗೋಡೆಯಲ್ಲಿ ತಲೆಯೆತ್ತರಕ್ಕೆ ನಾಲ್ಕು ಮೊಳೆಗಳಿದ್ದವು. ಬಂದವರು ಚಪ್ಪಲಿಯನ್ನು ಅಲ್ಲಿ ತೂಗುಹಾಕಿಯೇ ಒಳಗೆ ಬರಬೇಕು. ಚಪ್ಪಲಿಯನ್ನು ತಲೆಯ ಮಟ್ಟಕ್ಕೆ ಎತ್ತಿ ತೂಗುಹಾಕುವ ಮನೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. “ರಬ್ಬರ್ ಕಂಡ್ರೆ ಬಿಡಲ್ಲ. ಕಡಿದು ನುಂಗಿದ್ರೆ ಕರುಳಾಗೆ ಸಿಕ್ಕಾಕ್ಕೊಂಡು ಸತ್ತೇ ಹೋಗ್ತೈತೆ,” ಎಂದರು. ಕುಕ್ಕರಿನ ಗ್ಯಾಸ್ಕೆಟ್, ಹವಾಯಿ ಚಪ್ಪಲಿ, ಪೆನ್ಸಿಲ್ ಅಳಿಸುವ ರಬ್ಬರ್, ಯಾವುದೂ ನೆಲದಿಂದ ಮೂರಡಿಗಿಂತ ಕೆಳಗೆ ಆ ಮನೆಯಲ್ಲಿ ಇರುವಂತಿರಲಿಲ್ಲ.

ಆಮೇಲೆ ತೋರಿಸಿದರು. ಟ್ರೋಫಿ ಇಡುವ ಶೋಕೇಸಿನ ಗಾಜು ತೆಗೆಸಿ ಸಣ್ಣ ಕಣ್ಣಿನ ತಂತಿಜಾಲ ಬೆಸೆಸಿದ್ದರು. ಕಪ್ಪುಗಳಿದ್ದ ಅಂತಸ್ತುಗಳ ನಡುವೆ ಹತ್ತಿಳಿಯಲು ಹಲಗೆಯ ಇಳಿಜಾರು. ಹಳೆಯ ಟ್ರ್ಯಾಕ್ ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ ಜೋಲಿ ಕಟ್ಟಿದ್ದರು. ಜೋಲಿಯೊಳಗೆ ಕಂದುಬಣ್ಣದ, ಉದ್ದ ಮೈಯ, ಗಿಡ್ಡ ಕಾಲಿನ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿದ್ದ ಒಂದು ಪ್ರಾಣಿ ಎದ್ದೆದ್ದು ಬೀಳುವಂತೆ ಉಸಿರಾಡುತ್ತ ಮಲಗಿತ್ತು. ಅದು ಫೆರೆಟ್. ಪರದೇಶಗಳಲ್ಲಿ ತಲೆತಲಾಂತರದಿಂದ ಮನೆಯಲ್ಲಿ ಸಾಕಿಕೊಂಡು ಬಂದದ್ದು, ಹೊರಗೆ ಬಿಟ್ಟರೆ ಬದುಕಲು ತಿಳಿಯದ್ದು. ಇದರ ಹೆಸರು ಗಿರಕಿ.

ಗಿರಕಿಯನ್ನು ತಂದವಳು ಉಬ್ರಾಣಿಯ ಒಬ್ಬ ಹುಡುಗಿ, ಒಂದು ಕಾಲದಲ್ಲಿ ಮೇಡಂ ತಂಡದ ಆಟಗಾರ್ತಿ. ದೊಡ್ಡ ಊರಿನ ಸಾಕುಪ್ರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಶೋಕಿಗೆ ಕೊಂಡವರು ಮೂರೇ ತಿಂಗಳಿಗೆ ವಾಸನೆ ತಡೆಯದೆ ವಾಪಸು ತಂದುಬಿಟ್ಟರಂತೆ. ಅಂಗಡಿಯವನಿಗೂ ಬೇಡವಾಯಿತು. ಅವಳು ಬಿದಿರಿನ ಬುಟ್ಟಿಯಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ಪಕ್ಕದವರಿಗೆ ಕೋಳಿಮರಿ ಎಂದು ಹೇಳಿ, ನೇರ ಇಲ್ಲಿಗೆ ಬಂದಳು. “ಮೇಡಂ, ಇದನ್ನ ಹಿಡಿಯಾಕೆ ನಿಮ್ಮನ್ನ ಬಿಟ್ರೆ ಯಾರ್ ಕೈಲೂ ಆಗಲ್ಲ,” ಎಂದಳಂತೆ. ಈ ಮಾತನ್ನು ಮೇಡಂ ನನಗೆ ಹೇಳುವಾಗ ಅವರ ಮುಖದಲ್ಲಿ ಇದ್ದ ಹೆಮ್ಮೆ, ಕಪ್ಪುಗಳ ವಿಷಯ ಬಂದಾಗ ಇರುತ್ತಿರಲಿಲ್ಲ.

ಅದನ್ನು ನೆಲಕ್ಕೆ ಬಿಟ್ಟ ದಿನ ಕುರ್ಚಿಯ ಕಾಲು, ಮೇಜಿನ ಕಾಲುಗಳ ಸಂದಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನುಸುಳಿಕೊಂಡು ಓಡಿತಂತೆ. ಖೋಖೋದಲ್ಲಿ ಕೂತ ಆಟಗಾರರ ನಡುವೆ ಓಡುವವಳು ಹಾಗೆಯೇ ತಿರುಗಬೇಕು. “ಇದನ್ನ ನಾನು ಹುಡುಗೇರಿಗೆ ವರ್ಷಗಟ್ಟಲೆ ಹೇಳಿಕೊಡ್ತೀನಿ. ಇದು ಹುಟ್ಟುತ್ತಲೇ ಕಲ್ತು ಬಂದೈತೆ.” ಹೆಸರು ಬಂದದ್ದು ಹಾಗೆ.

ಪ್ರಾಣಿಯನ್ನು ಮುದ್ದು ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಮೇಡಂ ಮುದ್ದು ಮಾಡುತ್ತಿದ್ದುದು ಕಡಿಮೆ. ಅವರು ಕಾಯುತ್ತಿದ್ದರು. ಅದನ್ನು ಇಟ್ಟುಕೊಂಡ ವಾರವೇ ನೆಲಕ್ಕೆ ಬೋರಲು ಮಲಗಿ, ಮೊಣಕೈಯ ಮೇಲೆ ತೆವಳುತ್ತ ಮನೆಯೊಳಗೆಲ್ಲ ಒಂದು ಸುತ್ತು ಬಂದರಂತೆ. ಐವತ್ತು ದಾಟಿದ ಹೆಂಗಸು ಗೋಡೆಗೆ ಕೆನ್ನೆ ಒತ್ತಿ ತೆವಳುವುದನ್ನು ಕಿಟಕಿಯಿಂದ ಕಂಡ ಕೊಟ್ರಮ್ಮ, ಬಿದ್ದಿದ್ದಾರೆಂದು ಹೆದರಿ ಕೂಗಿಕೊಂಡರು. “ಬಿದ್ದಿಲ್ಲ ಕಣ್ರಿ, ಅದರ ಎತ್ತರದಾಗೆ ನಿಮ್ಮ ಮನೆ ಹೆಂಗೆ ಕಾಣ್ತೈತೆ ಅಂತ ನೋಡ್ತಿದೀನಿ. ನಿಮ್ಮ ಮನೆ ತುಂಬ ತೂತು.” ಕೊಟ್ರಮ್ಮನಿಗೆ ಆ ಮಾತು ಬಹಳ ದಿನ ನಾಟಿತ್ತು.

ಸಂಜೆ ಅದನ್ನು ಹೊರಬಿಡುವ ಹೊತ್ತಿಗೆ ಅವರು ‘ಗ್ರೌಂಡು’ ಎನ್ನುತ್ತಿದ್ದರು. ಗ್ರೌಂಡಿನ ಹೊತ್ತಿನಲ್ಲಿ ಫೋನು ಬಂದರೆ ಎತ್ತುತ್ತಿರಲಿಲ್ಲ. ದಿಂಬು ಎತ್ತಿ ನೋಡದೆ ಯಾರೂ ಕುರ್ಚಿಯ ಮೇಲೆ ಕೂರುವಂತಿರಲಿಲ್ಲ. ಬಾಗಿಲು ತೆಗೆಯುವ ಮುನ್ನ “ಬಾಗಿಲು” ಎಂದು ಹೇಳಬೇಕು, ಅವರು “ಹೂಂ” ಎಂದ ಮೇಲೇ ಚಿಲಕ ಮುಟ್ಟಬೇಕು. ಗಿರಕಿ ಖುಷಿಯಾದಾಗ ಬೆನ್ನು ಬಿಲ್ಲಿನಂತೆ ಬಾಗಿಸಿ, ಅಡ್ಡಡ್ಡ ಜಿಗಿಯುತ್ತ, ಗೋಡೆಗೆ ಡಿಕ್ಕಿ ಹೊಡೆದು, ಕುಕುಕು ಎಂದು ನಗುವಂಥ ಸದ್ದು ಮಾಡುತ್ತ ಕುಣಿಯುತ್ತಿತ್ತು. ಮೇಡಂ ಚಕ್ಕಳಮಕ್ಕಳ ಹಾಕಿ ಕೂತು, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಅಂಪೈರಿನ ಗಂಭೀರ ಮುಖದಲ್ಲಿ ನೋಡುತ್ತಿದ್ದರು. ಕೊನೆಯಲ್ಲಿ ಎರಡು ಚಿಕ್ಕ ಸೀಟಿ. ಎಲ್ಲಿದ್ದರೂ ಅದು ಬಂದು ಅವರ ಮೊಣಕಾಲು ಹತ್ತುತ್ತಿತ್ತು. ಒಂದು ಚೂರು ಮೊಟ್ಟೆಯ ಹಳದಿ ಸಿಗುತ್ತಿತ್ತು. ಆ ಸೀಟಿಗೆ ಒಗ್ಗಿಸಲು ಅವರಿಗೆ ಇಡೀ ಒಂದು ಮಳೆಗಾಲ ಹಿಡಿಯಿತಂತೆ.

ಬೇಸಿಗೆಯದು ಬೇರೆಯೇ ಕತೆ. ಗಿರಕಿಗೆ ಬೆವರುವುದು ಗೊತ್ತಿಲ್ಲ. ನಮಗೆ ಸೆಕೆ ಎನ್ನಿಸುವ ಹೊತ್ತಿಗೆ ಅದರ ಪ್ರಾಣಕ್ಕೇ ಬಂದಿರುತ್ತದೆ. ಅಂಥದ್ದು ಬಂದು ಬಿದ್ದಿದ್ದು ಜಗಳೂರಿಗೆ. ಫೆಬ್ರವರಿ ಮುಗಿಯುತ್ತಲೇ ಮೇಡಂ ಕಿಟಕಿಗಳಿಗೆ ಗೋಣಿತಾಟು ಹೊಲಿದು ಕಟ್ಟುತ್ತಿದ್ದರು. ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ, ಮಧ್ಯಾಹ್ನ ಊಟಕ್ಕೆ ಬಂದಾಗ, ಸಂಜೆ, ತಾಟಿಗೆ ನೀರು ಹೊಡೆಯುವುದು. ಬರಿಯ ಫ್ಯಾನಿನಿಂದ ಅದಕ್ಕೆ ಪ್ರಯೋಜನವಿಲ್ಲ ಎಂದು ಕಂಡುಕೊಂಡು, ಫ್ಯಾನಿನ ಮುಖವನ್ನು ಒದ್ದೆ ತಾಟಿನ ಕಡೆಗೆ ತಿರುಗಿಸಿದ್ದರು. ತಾವು ಹಿಂದಿನ ಅಡುಗೆಕೋಣೆಯ ಸೆಕೆಯಲ್ಲಿ ಮಲಗುತ್ತಿದ್ದರು. ಕರೆಂಟು ಹೋದರೆ ಸೋಡಾ ಬಾಟಲಿಯಲ್ಲಿ ಗಟ್ಟಿಯಾಗಿಸಿದ ಐಸನ್ನು ಕಾಲುಚೀಲದೊಳಗೆ ಹಾಕಿ ಜೋಲಿಯ ಪಕ್ಕ ಇಡುತ್ತಿದ್ದರು.

ಮೊದಲು ಅದರ ವಿಷಯ ಕೊಟ್ರಮ್ಮನವರನ್ನು ಬಿಟ್ಟರೆ ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಗಿರಣಿಯಿಂದ. ಒಂದು ಮುಂಜಾನೆ, ಮೇಡಂ ಶೋಕೇಸು ತೆರೆದು ಗುಡಿಸುತ್ತಿದ್ದಾಗ, ಕೊಟ್ರಮ್ಮನವರ ಹೊಸ ಆಳು ಬಾಗಿಲು ತಳ್ಳಿ ಒಳಗೆ ಬಂದು ನೀರು ಕೇಳಿದಾಗ ಗಿರಕಿ ಅವನ ಕಾಲಸಂದಿಯಿಂದ ನುಸುಳಿ ನೇರ ಗಿರಣಿಗೆ ನುಗ್ಗಿತು. ಗಿರಣಿ ಓಡುತ್ತಿತ್ತು. ಡಬ್ಬಿ ಹಿಡಿದ ಜನ ಸಾಲಾಗಿ ನಿಂತಿದ್ದರು. ಮೇಡಂ ಬರಿಗಾಲಲ್ಲಿ ಬಂದು ಗಿರಣಿ ನಿಲ್ಲಿಸಲು ಹೇಳಿದರು. ಹಿಟ್ಟು ಬೀಸುವುದನ್ನು ಅರ್ಧಕ್ಕೆ ನಿಲ್ಲಿಸುವ ಪದ್ಧತಿ ಕೊಟ್ರಮ್ಮನವರಲ್ಲಿ ಇರಲಿಲ್ಲ. ಆದರೂ ಮೇಡಂ ದನಿ ಕೇಳಿ ಬೆಲ್ಟು ತಪ್ಪಿಸಿದರು. ಸದ್ದು ಅಡಗಿತು. ಎರಡು ಚಿಕ್ಕ ಸೀಟಿ. ಕಲ್ಲಿನ ಹಿಂದಿನಿಂದ ಮೂತಿಯಿಂದ ಬಾಲದವರೆಗೆ ಜೋಳದ ಹಿಟ್ಟು ಮೆತ್ತಿಕೊಂಡ ಗಿರಕಿ ಬಂದು ಅವರ ಸೀರೆ ಹತ್ತಿತು.

ಸಾಲಿನಲ್ಲಿ ಬಸ್ ಡ್ರೈವರ್ ನಾಗರಾಜಣ್ಣ ಇದ್ದರು. ಕೈ ಮುಗಿದುಬಿಟ್ಟರು. “ಬೆಳಬೆಳಿಗ್ಗೆ ಮುಂಗುಸಿ ಮುಖ.” ಹೊರಡುವ ಮುಂಚೆ ಮುಂಗುಸಿ ಕಂಡರೆ ಹೋದ ಕೆಲಸ ಆಗುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ನಂಬಿದ್ದು. ಅಂದು ಅವರ ಬಸ್ಸು ಎಲ್ಲೂ ಕೆಡದೆ ಹೋಗಿ ಬಂತು. ಬಸ್‌ಸ್ಟ್ಯಾಂಡಿಗೆಲ್ಲ ಸುದ್ದಿಯಾಯಿತು.

ಅಂದಿನಿಂದ ಬೆಳಿಗ್ಗೆ ಮೇಡಂ ಬಾಗಿಲಿಗೆ ಜನ. ಪರೀಕ್ಷೆಗೆ ಹೊರಟ ಹುಡುಗಿಯರು, ಸಂತೆಗೆ ಕುರಿ ಹೊಡೆದುಕೊಂಡು ಹೊರಟವರು, ಹೆಣ್ಣು ನೋಡಲು ಹೊರಟ ಒಬ್ಬ ವರ, ಅವನ ಇಬ್ಬರು ಚಿಕ್ಕಪ್ಪಂದಿರು. ಮೇಡಂ ಯಾರನ್ನೂ ಗದರಿಸಲಿಲ್ಲ. ಆದರೆ ಪ್ರತಿಯೊಬ್ಬರಿಗೂ ಒಂದೇ ಮಾತು. “ಇದು ಮುಂಗುಸಿ ಅಲ್ಲ. ಫೆರೆಟ್ಟು. ಇದನ್ನ ನೋಡಿದ್ರೂ ಏನೂ ಆಗಲ್ಲ, ನೋಡ್ದೆ ಇದ್ರೂ ಏನೂ ಆಗಲ್ಲ. ನಿದ್ದೆ ಕೆಡಿಸಬ್ಯಾಡ್ರಿ.” ನಾಗರಾಜಣ್ಣ ಸೋಲುವವರಲ್ಲ. “ಫೆರೆಟ್ಟು ಅಂದ್ರೆ ಇಂಗ್ಲಿಷ್ ಮುಂಗುಸಿ ಅಲ್ವೇನ್ರಿ ಮೇಡಂ?” ಎನ್ನುತ್ತಿದ್ದರು. “ಅಲ್ಲ” ಎನ್ನುತ್ತಿದ್ದರು ಮೇಡಂ. ದಿನವೂ ಇದೇ.

ಇಲ್ಲಿ ಒಂದು ವಿಷಯ ಹೇಳಬೇಕು. ಮೇಡಂ ನ್ಯಾಮತಿ ಕಡೆಯ ಗೋವಿನಕೋವಿಯವರು. ಅವರ ತಂದೆಯ ಕಾಲಕ್ಕೆ ಮನೆಯವರೆಲ್ಲ ಬೌದ್ಧರಾದರು. ಗೋಡೆಯ ಮೇಲೆ ಬುದ್ಧನದೊಂದೇ ಪಟ. ಕೇರಿಯವರು ಅವರನ್ನು ರಸ್ತೆಯಲ್ಲಿ ಮಾತಾಡಿಸುತ್ತಿದ್ದರು, ಮಕ್ಕಳನ್ನು ಅವರ ಕೈಗೆ ಒಪ್ಪಿಸುತ್ತಿದ್ದರು. ಅವರ ಮನೆಯ ಹೊಸಿಲು ದಾಟುತ್ತಿರಲಿಲ್ಲ. ಮನೆ ಕೊಟ್ಟ ಕೊಟ್ರಮ್ಮನೂ ಮೆಟ್ಟಿಲ ಮೇಲೆ ನಿಂತೇ ಮಾತು ಮುಗಿಸುತ್ತಿದ್ದರು. ಟೀ ಕೊಟ್ಟರೆ ಈಗ ತಾನೇ ಆಯ್ತು ಎನ್ನುತ್ತಿದ್ದರು. ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಉತ್ತರ ಕೊಡುವ ದಾರಿಯೂ ಇರಲಿಲ್ಲ. ಈಗ ಅದೇ ಜನ ನಸುಕಿನಲ್ಲೇ ಬಂದು ಅವರ ಬಾಗಿಲಿಗೆ ಕೈ ಮುಗಿದು ನಿಲ್ಲುತ್ತಿದ್ದರು.

ಒಂದು ದಿನ ನಾನು ಕೇಳಿದೆ, ಸುಮ್ಮನೆ ಹೂಂ ಎಂದರೆ ನಿಮಗೆ ನಷ್ಟವೇನು ಎಂದು. ಅವರು ಒದ್ದೆ ತಾಟು ಹಿಂಡುತ್ತಿದ್ದರು. ಹಿಂಡಿ ಮುಗಿಸಿದರು.

“ಹೂಂ ಅಂದ್ರೆ ನಾಳೆ ಒಳಗೂ ಬರ್ತಾರೆ. ಆದ್ರೆ ಬರೋದು ಮುಂಗುಸಿ ಮನೆಗೆ. ನನ್ನ ಮನೆಗೆ ಬರಾಕೆ ಎಷ್ಟು ದಿನ ಬೇಕೋ ತಗೊಳ್ಲಿ ಬಿಡು.”

ಮುಂದಿನ ಏಪ್ರಿಲ್. ಶಾಲೆಗೆ ರಜೆ ಬಿದ್ದಿತ್ತು. ನಾನು ಮೇಡಂ ನಡುಮನೆಯ ತಂಪಿನಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಡುಮಧ್ಯಾಹ್ನ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಬೈಕಿನ ಹಿಂದೆ ಕಬ್ಬಿಣದ ಬೋನು ಕಟ್ಟಿಕೊಂಡು ಬಂದರು. ಚಿಕ್ಕ ವಯಸ್ಸು, ಮರ್ಯಾದಸ್ಥ. ಈ ಮನೆಯಲ್ಲಿ ಮುಂಗುಸಿ ಸಾಕಿದ್ದಾರೆಂದು ದೂರು ಬಂದಿದೆ, ಮುಂಗುಸಿ ಸಾಕುವುದು ಅಪರಾಧ, ಪ್ರಾಣಿಯನ್ನು ಆಫೀಸಿಗೆ ಒಯ್ಯಬೇಕು ಎಂದರು. ಇದು ಮುಂಗುಸಿ ಅಲ್ಲ, ಫೆರೆಟ್ಟು ಎಂದು ಮೇಡಂ ಹೇಳಿದರೂ ಅವರು ಆ ಹೆಸರನ್ನೇ ಕೇಳಿರಲಿಲ್ಲ. ದೂರು ಕೊಟ್ಟವರು ಯಾರೆಂದು ಮೇಡಂ ಕೇಳಲಿಲ್ಲ. ಆಮೇಲೂ ಎಂದೂ ಕೇಳಲಿಲ್ಲ.

ಅವರು ಹೊರಗೆ ಬಂದರು. ಬೋನಿನ ಹತ್ತಿರ ಹೋಗಿ, “ಮುಟ್ಟಿ ನೋಡ್ರಿ ಇದನ್ನ,” ಎಂದರು. ಗಾರ್ಡ್ ಮುಟ್ಟಿ ಕೈ ಎಳೆದುಕೊಂಡರು.

“ಇದ್ರಾಗೆ ಇಟ್ರೆ ಅರ್ಧ ದಾರೀನೂ ಬದುಕಲ್ಲ. ನಿಮ್ಮ ಸಾಹೇಬ್ರು ಕೇಳಿರೋದು ಪ್ರಾಣೀನಾ, ಹೆಣಾನಾ?”

“ನನಗೆ ಹೇಳಿದ್ದನ್ನ ನಾನು ಮಾಡ್ಬೇಕಲ್ರಿ ಮೇಡಂ.”

“ಮಾಡ್ರಿ. ಹೊತ್ತು ಮುಳುಗಿದ ಮೇಲೆ ಮಾಡ್ರಿ. ನಾನೇ ಮಡಕೆಯಾಗೆ ಇಟ್ಕೊಂಡು ನಿಮ್ಮ ಹಿಂದೆ ಬರ್ತೀನಿ. ತಪ್ಪಿಸಿಕೊಂಡು ಓಡಾಕೆ ನಾನೀಗ ಆಟಗಾರ್ತಿ ಅಲ್ಲ, ಕೋಚು.”

ಗಾರ್ಡ್ ನಕ್ಕರು, ನಕ್ಕದ್ದಕ್ಕೆ ಮುಜುಗರಪಟ್ಟುಕೊಂಡು ಸಾಹೇಬರಿಗೆ ಫೋನು ಮಾಡಿದರು. ಸಂಜೆಯವರೆಗೆ ಕಾಯಲು ಒಪ್ಪಿಗೆ ಸಿಕ್ಕಿತು. ಆದರೆ ಅಷ್ಟರಲ್ಲಿ ನೆರೆಯವರ ಹೇಳಿಕೆ ಪಡೆಯಬೇಕು. ಇಷ್ಟು ಜನ ಮುಂಗುಸಿ ನೋಡಿದ್ದೇವೆ ಎಂದು ಹೇಳಿದರೆ ಬೇರೆ ಮಾತಿಲ್ಲದೆ ತರಬೇಕು ಎಂದರಂತೆ ಸಾಹೇಬರು. ಮೇಡಂ ಗಾರ್ಡನ್ನು ಒಳಗೆ ಕರೆದರು. ಬೂಟುಗಳನ್ನು ಮೊಳೆಗೆ ತೂಗುಹಾಕಲು ಹೇಳಿದರು. ಅವರು ಲೇಸು ಗಂಟು ಹಾಕಿ ತೂಗುಹಾಕಿದರು.

ನಾನು ತಿದ್ದುತ್ತಿದ್ದ ಪತ್ರಿಕೆಗಳನ್ನು ಕಟ್ಟಿಟ್ಟೆ. ಕೇರಿಯಲ್ಲಿ ಮುಂಗುಸಿ ನೋಡಿಲ್ಲ ಎನ್ನುವವರು ಯಾರಿದ್ದರು? ನೋಡಿದೆವು ಎಂಬುದೇ ಅವರೆಲ್ಲರ ಹೆಚ್ಚುಗಾರಿಕೆ. ಮೇಡಂ ಮಾತ್ರ ತಾಟಿಗೆ ನೀರು ಹೊಡೆದು ಬಂದು ಟೀಗೆ ಇಟ್ಟರು. ಶೋಕೇಸಿನಲ್ಲಿ ಗಿರಕಿ ಬೆನ್ನು ಕೆಳಗಾಗಿ, ಬಾಯಿ ತೆರೆದು ಮಲಗಿತ್ತು.

ಮೊದಲು ಬಂದವರು ನಾಗರಾಜಣ್ಣ, ಡ್ಯೂಟಿ ಮುಗಿಸಿ ಖಾಕಿಯಲ್ಲೇ. ಗಿರಣಿಯಲ್ಲಿ ವಿಷಯ ಗೊತ್ತಾಗಿತ್ತು. ಹೊಸಿಲ ಹೊರಗೇ ನಿಂತಿದ್ದರು. ಮುಂಗುಸಿ ನೋಡಿದ್ದು ನಿಜವೇ ಎಂದು ಗಾರ್ಡ್ ಕೇಳಿದರು. ಅವರು ಕ್ಯಾಪು ತೆಗೆದು ಕೈಯಲ್ಲಿ ತಿರುಗಿಸಿದರು. ಇಡೀ ಬಸ್‌ಸ್ಟ್ಯಾಂಡಿಗೆ ತಾವು ಹೇಳಿಕೊಂಡು ಬಂದದ್ದನ್ನು ತಾವೇ ಅಳಿಸಬೇಕಿತ್ತು.

“ನಾನು ಬಂದಿದ್ದು ಮುಂಗುಸಿ ಅಂತಾನೇ ಸಾರ್. ಆದ್ರೆ ಬಂದಾಗೆಲ್ಲ ಈ ಮೇಡಂ ‘ಅಲ್ಲ’ ಅಂದಾರೆ. ಒಂದಿನಾನೂ ಹೂಂ ಅಂದಿಲ್ಲ. ಹೂಂ ಅಂದಿದ್ರೆ ಹಣ್ಣುಕಾಯಿ ತಂದಿಡ್ತಿದ್ವಿ. ಸುಳ್ಳು ನಮ್ದು, ಅವರ್ದಲ್ಲ. ಹಿಂಗೇ ಬರ್ಕೊಳ್ರಿ.”

ಬರೆದುಕೊಂಡ ಮೇಲೆ ಓದಿ ರುಜು ಹಾಕಬೇಕಿತ್ತು. ಒಳಗೆ ಬರಬೇಕಾಯಿತು. ಚಪ್ಪಲಿ ತೂಗುಹಾಕಿ ಬಂದರು.

ಅವರ ಹಿಂದೆ ಪರೀಕ್ಷೆ ಬರೆದ ಹುಡುಗಿಯೊಬ್ಬಳು, ಅವಳ ತಾಯಿ. ಅವಳು ಮೇಡಂ ಮಾತನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು: ನೋಡಿದ್ರೂ ಏನೂ ಆಗಲ್ಲ, ನೋಡ್ದೆ ಇದ್ರೂ ಏನೂ ಆಗಲ್ಲ. ಗಾರ್ಡ್ ಪೆನ್ನು ನಿಲ್ಲಿಸಿ ಇದನ್ನೂ ಬರೆಯಬೇಕೇ ಎಂದರು. ಬರೆಯಲೇಬೇಕು ಎಂದು ಹುಡುಗಿಯ ತಾಯಿ ಹಟ ಹಿಡಿದರು.

ಬಿಸಿಲು ಇಳಿಯುವ ಹೊತ್ತಿಗೆ ಕೊಟ್ರಮ್ಮ ಬಂದರು. ಹುಬ್ಬಿನ ಮೇಲೆಲ್ಲ ಹಿಟ್ಟು. ಮೆಟ್ಟಿಲ ಮೇಲೆ ನಿಂತು ಅಲ್ಲಿಂದಲೇ ಶುರು ಮಾಡಿದರು: ಮುಂಗುಸಿಯನ್ನು ನಮ್ಮ ಹೊಲದಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ, ಅದು ಮನುಷ್ಯರ ನೆರಳು ಬಿದ್ದರೆ ನಿಲ್ಲುವುದಿಲ್ಲ, ಹೀಗೆ ಸತ್ತ ಹಾಗೆ ನಿದ್ದೆ ಮಾಡುವುದಿಲ್ಲ. ಗಾರ್ಡ್, ಅಷ್ಟು ದೂರದಿಂದ ನಿಮಗೇನು ಕಾಣುತ್ತದೆ, ಹತ್ತಿರ ಬಂದು ನೋಡಿ ಹೇಳಿ ಎಂದರು. ಆ ಹೊಸಿಲಿನ ಕತೆ ಆ ಹುಡುಗನಿಗೆ ತಿಳಿಯದು. ಕೊಟ್ರಮ್ಮ ಸೆರಗಿನಿಂದ ಹುಬ್ಬಿನ ಹಿಟ್ಟು ಒರೆಸಿಕೊಂಡರು. ಮೇಡಂ ಅವರ ಕಡೆ ನೋಡಲೂ ಇಲ್ಲ, ಲೋಟ ತೊಳೆಯುತ್ತಿದ್ದರು.

ಕೊಟ್ರಮ್ಮ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ಗೋಡೆಯ ಕಡೆ ತಿರುಗಿದರು. ಮೊಳೆಗಳೆಲ್ಲ ತುಂಬಿದ್ದವು. ಒಂದರಲ್ಲಿ ಗಾರ್ಡಿನ ಬೂಟು, ಒಂದರಲ್ಲಿ ಡ್ರೈವರ್ ಚಪ್ಪಲಿ, ಒಂದರಲ್ಲಿ ತಾಯಿ ಮಗಳದ್ದು, ಇನ್ನೊಂದರಲ್ಲಿ ನನ್ನದು. ಚಪ್ಪಲಿ ಹಿಡಿದುಕೊಂಡೇ ಅವರು ಹಾಗೇ ನಿಂತರು. ಅಷ್ಟೇ ಸಾಕಾಗಿತ್ತು, ತಿರುಗಿ ಹೋಗಲು. ನಾನು ಎದ್ದು ಹೋಗಿ, ಅವರ ಕೈಯಿಂದ ಚಪ್ಪಲಿ ತೆಗೆದುಕೊಂಡು ನನ್ನದರ ಮೇಲೆ ಸಿಕ್ಕಿಸಿದೆ.

ಅವರು ಒಳಗೆ ಬಂದರು. ಶೋಕೇಸಿನ ಮುಂದೆ ಕೂತರು. ಮೇಡಂ ಜೋಲಿಯಿಂದ ಗಿರಕಿಯನ್ನು ಎತ್ತಿ ಅವರ ಮಡಿಲಿಗೆ ಹಾಕಿದರು. ಅದು ಎಚ್ಚರವಾಗದೆ ಒದ್ದೆ ಬಟ್ಟೆಯ ಹಾಗೆ ಇಳಿಬಿತ್ತು. “ಯವ್ವಾ, ಜೀವ ಐತೇನ್ರಿ ಇದ್ಕೆ?” ಎಂದರು ಕೊಟ್ರಮ್ಮ. ಉಸಿರು ಕೈಗೆ ತಾಗಿದ ಮೇಲೆ ಮಾತ್ರ ಕೈ ಸಡಿಲಿಸಿದರು. “ಇದು ಮುಂಗುಸಿ ಅಂತ ಹೇಳಿದೋರು ಮುಂಗುಸೀನೂ ನೋಡಿಲ್ಲ, ಇದನ್ನೂ ನೋಡಿಲ್ಲ.”

ಹೊತ್ತು ಮುಳುಗುತ್ತಿದ್ದಂತೆ ಗಿರಕಿ ಎದ್ದಿತು. ಗಾರ್ಡ್ ಸಾಹೇಬರಿಗೆ ವಿಡಿಯೋ ಕರೆ ಮಾಡಿದರು. ಸಾಹೇಬರು ನೋಡುತ್ತಿರುವಾಗಲೇ ಅದು ಬೆನ್ನು ಬಾಗಿಸಿ, ಅಡ್ಡಡ್ಡ ಜಿಗಿದು, ಕುಕುಕು ಎಂದು ಶುರುಮಾಡಿತು. “ಸಾರ್, ಇದು ಕುಣೀತೈತೆ,” ಎಂದರು ಗಾರ್ಡ್, ವರದಿ ಒಪ್ಪಿಸುವ ದನಿಯಲ್ಲಿ. ಅದಕ್ಕೆ ಚುಚ್ಚುಮದ್ದು ಹಾಕಿದ್ದ ಪಶುವೈದ್ಯರನ್ನೂ ಸಾಹೇಬರು ಫೋನಿನಲ್ಲಿ ಕೇಳಿದರು. ಅವರೂ ಫೆರೆಟ್ಟೇ ಎಂದರು. ನೆರೆಯವರ ಹೇಳಿಕೆಗಳನ್ನು ಓದಿಸಿಕೊಂಡು ಕೇಳಿ, ಸಾಹೇಬರು ಬೋನನ್ನು ಖಾಲಿಯೇ ತರಲು ಹೇಳಿದರು.

ಆಮೇಲೆ ಮೇಡಂ ಎಲ್ಲರಿಗೂ ಟೀ ಕೊಟ್ಟರು. ಕೊಟ್ರಮ್ಮನವರ ಮುಂದೆಯೂ ಲೋಟ ಇಟ್ಟರು, ಬೇರೆ ಮಾತಾಡುತ್ತ. ಕೊಟ್ರಮ್ಮ ಕುಡಿದರು. ಸಕ್ಕರೆ ಕಡಿಮೆಯಾಯಿತು ಎಂದರು. ಮೇಡಂ ಡಬ್ಬಿ ತಂದು ಇನ್ನೊಂದು ಚಮಚ ಹಾಕಿದರು. ಡಬ್ಬಿಯನ್ನು ಒಳಗೆ ಒಯ್ಯದೆ ಕೊಟ್ರಮ್ಮನವರ ಪಕ್ಕದಲ್ಲೇ ಇಟ್ಟು ಕೂತರು.

ಮರುದಿನ ಬೆಳಿಗ್ಗೆ, ಗಿರಣಿ ಶುರುವಾಗುವ ಮುಂಚೆ, ನಾನು ಕೊಟ್ರಮ್ಮನವರ ಹತ್ತಿರ ಸುತ್ತಿಗೆ ಕೇಳಿ ತಂದು, ಆ ಗೋಡೆಗೆ ಇನ್ನೊಂದು ಸಾಲು ಮೊಳೆ ಹೊಡೆದೆ.